ಬಾರದವರ ಬಾಡಿಗೆ

ಹದಿನೆಂಟು ಕೋಣೆ ನಮ್ಮ ಲಾಡ್ಜಿನಲ್ಲಿ,
ಶನಿವಾರದ ರಿಜಿಸ್ಟರಿನಲ್ಲಿ ಇಪ್ಪತ್ತೊಂದು ಹೆಸರು.
ತಪ್ಪಲ್ಲ ಇದು, ಲೆಕ್ಕ,
ಅಂತಾರೆ ಮಾಲೀಕರು, ಹಾಲಪ್ಪಗೌಡರು,
ಬಾಯಲ್ಲಿ ಲವಂಗ ಹೊರಳಿಸುತ್ತ:
'ಮದುವೆಗೆ ಕರೆಯೋದು ಐನೂರು ಮಂದೀನ,
ಅಕ್ಕಿ ಅಳೆಯೋದು ನಾನೂರಕ್ಕೆ.
ನೂರು ಜನಕ್ಕೆ ಹೊಟ್ಟೆನೋವೋ, ಮುನಿಸೋ, ಇನ್ನೊಂದು ಮದುವೆಯೋ
ಬಂದೇ ಬರುತ್ತೆ ಕಣಯ್ಯ ಧರಣಪ್ಪ.'

ಹನ್ನೊಂದು ವರ್ಷದಿಂದ ಚಿಕ್ಕಮಗಳೂರಿನ ಈ ಗಾಜಿನ ಕೌಂಟರಿನ ಹಿಂದೆ
ರಾತ್ರಿ ಪಾಳಿ ನನ್ನದು.
ಬಾರದವರನ್ನು ನಂಬಿ ಬದುಕಿದವನು.
ಕಡೂರಿನಲ್ಲಿ ರೈಲು ತಪ್ಪಿದವರು,
ಕೈಮರದ ಚೆಕ್‌ಪೋಸ್ಟಿನಲ್ಲಿ ಜಗಳವಾಡಿ ಹಾಗೇ ವಾಪಸಾದವರು,
ಹೆಂಡತಿಗೆ ಗೊತ್ತಾಗಿಹೋದವರು:
ಎಲ್ಲರ ವಿಘ್ನಕ್ಕೂ ಇಲ್ಲಿಂದಲೇ ನನ್ನದೊಂದು ನಮಸ್ಕಾರ.

ಆವತ್ತು ಮಾತ್ರ ಯಾರಿಗೂ ಏನೂ ಆಗಲಿಲ್ಲ.
ಹತ್ತೂವರೆಗೆ ಹದಿನೇಳು ಕೀಲಿ ಖರ್ಚು.
ಆಮೇಲೆ ಬಂದ ಎರಡು ಪಾರ್ಟಿಗಳನ್ನು
'ಅದೂ ನಮ್ಮದೇ ಸಾರ್' ಎಂದು ಸುಳ್ಳು ಹೇಳಿ
ಬೇಲೂರು ರಸ್ತೆಯ ಹೊಸ ಕಟ್ಟಡಕ್ಕೆ ದಾಟಿಸಿದೆ,
ಅಲ್ಲಿ ಲಿಫ್ಟಿನ ಜಾಗದಲ್ಲಿ ಇನ್ನೂ ಬರೀ ಗುಂಡಿ.

ಬೋರ್ಡಿನಲ್ಲಿ ತೂಗುತ್ತಿದ್ದದ್ದು ಒಂದೇ, ೨೦೭.
ಬಸವಂತಪ್ಪ ಹೂಗಾರ, ಗದಗ.
ಪೂರ್ತಿ ಹಣ ಮುಂಗಡ. ಗ್ಯಾರಂಟಿ ಬುಕಿಂಗ್.
'ಎಷ್ಟೊತ್ತಾದ್ರೂ ಬರ್ತೀನ್ರಿ, ಯಾರಿಗೂ ಕೊಡಬ್ಯಾಡ್ರಿ'
ಎಂದು ಫೋನಿನಲ್ಲಿ ಎರಡು ಸಲ ಹೇಳಿದ್ದರು.
ಗ್ಯಾರಂಟಿ ಎಂದರೆ ಇಷ್ಟೇ:
ಬಂದರೂ ಬರದಿದ್ದರೂ ಹಾಸಿಗೆ ನಿಮ್ಮದು,
ಬಂದರೂ ಬರದಿದ್ದರೂ ಹಣ ನಮ್ಮದು.
ಟೈಪು ಮಾಡಿ ಕೌಂಟರಿನ ಗಾಜಿನಡಿ ಇಟ್ಟಿದ್ದೇವೆ.
ಅದರ ಮೇಲೆ ಸದಾ ನನ್ನ ಚಹಾದ ಲೋಟ.

ಒಂದು ಇಪ್ಪತ್ತಕ್ಕೆ ಬಾಗಿಲು ತಳ್ಳಿದವಳು
ಮಾತಾಡಲಿಲ್ಲ, ಫೋನು ಚಾಚಿದಳು:
'ನಿಮ್ಮ ಕೋಣೆ ಖಚಿತವಾಗಿದೆ', ಪಕ್ಕದಲ್ಲಿ ಹಸಿರು ಟಿಕ್ಕು.
ಹೆಗಲ ಮೇಲೆ ನಿದ್ದೆಹೋದ ಹುಡುಗ,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಹೊರಗೆ ಗಂಡ, ಟ್ಯಾಕ್ಸಿಯವನೊಂದಿಗೆ ಚೌಕಾಸಿ.
ನಾನು ರಿಜಿಸ್ಟರು ತಿರುವಿದೆ, ಹಿಂದಕ್ಕೆ, ಮುಂದಕ್ಕೆ.
ತಿರುವುವುದು ನಮ್ಮ ಕಸುಬಿನಲ್ಲಿ ಅರ್ಧ.
'ಖಚಿತ ಅಂದ್ರೆ ಏನು ಸರ್?' ಕೇಳಿದಳು,
ಕೋಪದಿಂದಲ್ಲ,
ನಿಜಕ್ಕೂ ಗೊತ್ತಿಲ್ಲದವಳ ಹಾಗೆ.

ಕೀಲಿ ಕೊಟ್ಟೆ.
ಹೂಗಾರರ ಹೆಸರು ಹೊಡೆಯಲಿಲ್ಲ,
ಅದರ ಕೆಳಗಿನ ಇರುಕಿನಲ್ಲಿ ಸಣ್ಣಕ್ಷರದಲ್ಲಿ ಇವಳದನ್ನೂ ಬರೆದೆ.
ಒಂದೇ ಹಾಸಿಗೆಗೆ ಎರಡು ಬಾಡಿಗೆ,
ಬಂದವರದೊಂದು, ಬಾರದವರದೊಂದು.

ಆಮೇಲೆ ಗೇಟು ಕಿರುಗುಟ್ಟಿದಾಗಲೆಲ್ಲ ಎದೆ ಹಾರಿತು.
ನಾಲ್ಕಕ್ಕೆ ಹಾಲಿನ ವ್ಯಾನು.
ಐದಕ್ಕೆ ಪೇಪರಿನ ಹುಡುಗ.
ಬೀದಿನಾಯಿಯ ಹೆಜ್ಜೆ ಕೂಡ
ಗದಗದಿಂದ ಬಂದದ್ದೇ.

ಒಂಬತ್ತಕ್ಕೆ ಫೋನು.
'ತಪ್ಪು ತಿಳೀಬ್ಯಾಡ್ರಿ, ಬರಾಕ ಆಗಲಿಲ್ಲ.'
ಕಾರಣ ಹೇಳಲಿಲ್ಲ. ಹಣ ಕೇಳಲಿಲ್ಲ.
ರೀಫಂಡ್ ಇಲ್ಲ ಎಂಬ ಉರುಹೊಡೆದ ಪಾಠ
ನನ್ನ ಬಾಯಲ್ಲೇ ಉಳಿಯಿತು.
'ಒಂದ್ ಕೇಳ್ತೀನ್ರಿ.
ಖೋಲಿ ರಾತ್ರಿಯೆಲ್ಲ ಹಂಗ ಇತ್ತೇನ್ರಿ?'

ಅದೇ ಹೊತ್ತಿಗೆ ಮೆಟ್ಟಿಲಿಳಿದಳು ಸೆಲಿನಾ
೨೦೭ರ ಹಾಸು ಕಂಕುಳಲ್ಲಿ ಅಮುಕಿಕೊಂಡು.
ಹುಡುಗ ಮಲಗಿದ್ದಲ್ಲೇ ಒದ್ದೆ ಮಾಡಿದ್ದ.
ಮೂಗು ತಿರುವಿ, ನನಗೆ ಕಾಣಲೆಂದೇ,
ಕಲೆ ಬಿಡಿಸಿ ಹಿಡಿದಳು.

'ಹೂಂ ಸರ್' ಅಂದೆ.
'ಲೈಟು ಹಾಕಿಟ್ಟಿದ್ವಿ.'

ಆ ಕಡೆ ತುಸು ಹೊತ್ತು ಬರೀ ಉಸಿರು.
ಯಾರೋ ಯಾರದೋ ಹೆಸರು ಕೂಗುತ್ತಿದ್ದರು, ಟೋಕನ್ ನಂಬರು ಸಮೇತ.
'ಚಲೋ ಆತ್ ಬಿಡ್ರಿ' ಅಂದರು.
'ಅಲ್ಲೊಂದ್ ಜಾಗ ಐತಿ ಅಂತ ಅನ್ಕೋತನ
ಈ ಬೆಂಚಿನ ಮ್ಯಾಲ ಬೆಳಕು ಹರಿಸಿದೆ.'

ಮಧ್ಯಾಹ್ನ ಲೆಕ್ಕ ನೋಡಿದ ಗೌಡರು
ಬೆನ್ನು ತಟ್ಟಿದರು.
ಹಾಸು ಒಗೆಸಿದ್ದು ಅರವತ್ತು ರೂಪಾಯಿ,
ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದೆ.